ಹೊಳೆಗುಂಟ ನಡೆಯುವವರ ಪರವಾಗಿ

ಕಳೆದ ಮಳೆಗಾಲದ ಕೊನೆಗೆ ಕೂಡಿದ ನಮ್ಮ ಸಂಘದ ಸಭೆಯಲ್ಲಿ ಒಂದು ಠರಾವು ಮಂಡಿತವಾಯಿತೆಂಬುದು ಸಭಾಸದರೆಲ್ಲರಿಗೂ ವಿದಿತವೇ ಇದೆ. ವರ್ಷಕ್ಕೊಮ್ಮೆ ಶನಿವಾರ ರವಿವಾರಗಳನ್ನು ಕೂಡಿಸಿಕೊಂಡು ಕೆಲವರು ಗೆಳೆಯರು ಮಾರ್ಕಂಡೇಯ ಹೊಳೆಗುಂಟ ಗೊಡಚಿನಮಲ್ಕಿಯ ಧಬಧಬೆಗಳಿಗೆ ಕಾಲ್ನಡಿಗೆಯಿಂದ ಹೋಗಿಬರುವ ರೂಢಿಯನ್ನು ಇನ್ನು ಮುಂದೆ ಸಂಘದ ಹೆಸರಿನಲ್ಲಿ ನಡೆಸಕೂಡದು. ಅದರ ಬದಲು ಒಂದು ಬಸ್ಸನ್ನು ಗೊತ್ತುಮಾಡಿ, ಗೋಕಾಕದ ಧಬಧಬೆಯನ್ನು ಕಟಾಂಜನದ ಈಚೆಯಿಂದ ನೋಡಿ, ಊಟ ತೀರಿಸಿ, ದೀಪ ಹಚ್ಚುವ ಹೊತ್ತಿಗೆ ಮಿರಜಕ್ಕೆ ಮರಳಬೇಕು. ಇದು ಠರಾವಿನ ತಾತ್ಪರ್ಯ. ಅದು ಇನ್ನೂ ಮಂಜೂರಾಗಿಲ್ಲ, ಮುಂದಿನ ಸಭೆಗೆ ಹೋಗಿದೆ. ಸಭೆಯಲ್ಲಿ ನನಗೆ ದೊರೆತ ಐದು ನಿಮಿಷಗಳಲ್ಲಿ ಹೇಳಲಾಗದ ಮಾತುಗಳನ್ನು ಸಂಪಾದಕರ ಅಪ್ಪಣೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಠರಾವು ತಂದವರ ಅಂತಃಕರಣವನ್ನು ನಾನು ಶಂಕಿಸುವುದಿಲ್ಲ. ಅವರು ಪತ್ರಿಕೆ ಓದುವವರು, ಓದಿದ್ದನ್ನು ಮರೆಯಲಾರದವರು. 2022ರ ನವೆಂಬರ 26ರಂದು ಬೆಳಗಾವಿಯಿಂದ ಚಂದಗಡ ತಾಲೂಕಿನ ಕಿತವಾಡದ ಧಬಧಬೆಗೆ ಹೋದ ಹುಡುಗಿಯರಲ್ಲಿ ನಾಲ್ವರು ನೀರುಪಾಲಾದರು. 2023ರ ಜುಲೈ ತಿಂಗಳಲ್ಲಿ ಕೊಲ್ಲೂರಿನ ಹತ್ತಿರದ ಅರಶಿನಗುಂಡಿಯಲ್ಲಿ ಬಂಡೆಯ ಅಂಚಿಗೆ ನಿಂತಿದ್ದ ತರುಣನೊಬ್ಬನು ಕಾಲುಜಾರಿ ಹೋದದ್ದನ್ನು ನಾಡಿನ ಜನ ತಮ್ಮ ತಮ್ಮ ಮೊಬೈಲುಗಳಲ್ಲಿ ನೋಡಿದರು. 2024ರ ಜೂನ 30ರಂದು ಲೋಣಾವಳೆಯ ಭೂಶಿ ಆಣೆಕಟ್ಟಿನ ಹಿಂಬದಿಯ ಪ್ರವಾಹದಲ್ಲಿ ಒಂದೇ ಮನೆತನದ ಐವರು, ಮಕ್ಕಳೂ ಸಹಿತ, ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ದಂತೆಯೇ ಕೊಚ್ಚಿಹೋದರು. ಇದರ ಬೆನ್ನಿಗೇ ಪುಣೆ ಜಿಲ್ಲೆಯಲ್ಲಿ ನಿಷೇಧಾಜ್ಞೆ ಹೊರಟಿತು. ಖಾನಾಪುರದ ಅಡವಿಯೊಳಗಿನ ಧಬಧಬೆಗಳ ದಾರಿಗೂ ಮಳೆಗಾಲದಲ್ಲಿ ತಡೆ ಬಿದ್ದಿತು. ಸರಕಾರವೇ ಬೇಡವೆಂದಮೇಲೆ ಸಂಘವೇಕೆ ಹೊಣೆ ಹೊರಬೇಕು ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಇದೇ ಸಾವುಗಳನ್ನು ಮುಂದಿಟ್ಟುಕೊಂಡು ವಿಚಾರಿಸಿದಾಗ ನಾನು ತದ್ವಿರುದ್ಧವಾದ ನಿರ್ಣಯಕ್ಕೆ ಬಂದಿದ್ದೇನೆ.

ಕಿತವಾಡದ ದುರಂತ ನಡೆದದ್ದು ನವೆಂಬರದ ಕೊನೆಯ ವಾರದಲ್ಲಿ ಎಂಬುದನ್ನು ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಆಗ ಮಳೆಗಾಲ ಮುಗಿದಿತ್ತು, ಮಳೆಗಾಲದ ತಡೆಯಾಜ್ಞೆ ಆ ಮಕ್ಕಳನ್ನು ಉಳಿಸುತ್ತಿರಲಿಲ್ಲ. ಧಬಧಬೆಯ ಬುಡದಲ್ಲಿ ಎಲ್ಲ ಋತುಗಳಲ್ಲಿಯೂ ಮಡು ಇರುತ್ತದೆ; ಬಂಡೆಯ ಮೇಲೆ ಪಾಚಿಯು ನೀರು ಇಳಿದಮೇಲೆಯೂ ಉಳಿದಿರುತ್ತದೆ. ಇದು ಗೊತ್ತಿದ್ದವನು ದಂಡೆಯಲ್ಲಿ ನಿಲ್ಲುವನು, ಗೊತ್ತಿಲ್ಲದವನಿಗೆ ಹಲಗೆಯ ಮೇಲೆ ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದರೂ ವ್ಯರ್ಥ. ಸತ್ತವರನ್ನು ನಿಂದಿಸಲು ಇದನ್ನು ಬರೆಯುತ್ತಿಲ್ಲ. ಅಕ್ಷರ ಕಲಿಸದೆ ಮಗುವಿನ ಕೈಗೆ ಪುಸ್ತಕ ಕೊಟ್ಟು ಓದಲಿಲ್ಲವೆಂದು ಹೊಡೆಯುವ ಮಾಸ್ತರನು ಮೂರ್ಖನು. ನೀರಿನ ವಿಷಯದಲ್ಲಿ ನಮ್ಮ ಸಮಾಜವೆಲ್ಲವೂ ಅಂಥ ಮಾಸ್ತರನಂತೆ ನಡೆದುಕೊಂಡಿದೆ.

ಮೇಲುನೋಟಕ್ಕೆ ಇಲ್ಲಿ ಎರಡು ಪಕ್ಷಗಳಿವೆ. ರವಿವಾರ ಬಂದೊಡನೆ ಗಾಡಿಗಳನ್ನು ತುಂಬಿಕೊಂಡು, ಹಾಡು ಕಿರುಚಿಸುತ್ತ, ಬಾಟಲಿಗಳನ್ನು ಹೊತ್ತು ಆಂಬೋಲಿಗೋ ಗೋಕಾಕಕ್ಕೋ ಧಾವಿಸುವವರದು ಒಂದು. ಹಗ್ಗ ಕಟ್ಟಿ, ಹಲಗೆ ನಿಲ್ಲಿಸಿ, ದಂಡ ಹಾಕಿ ತಡೆಯುವವರದು ಇನ್ನೊಂದು. ಇವರು ಪರಸ್ಪರ ವೈರಿಗಳೆಂದು ಜನ ತಿಳಿದಿದ್ದಾರೆ. ನನಗಾದರೋ ಇಬ್ಬರೂ ಒಂದೇ ಗರಡಿಯ ಶಿಷ್ಯರಂತೆ ಕಾಣುತ್ತಾರೆ. ಇಬ್ಬರಿಗೂ ಕಾಣುವುದು ನೀರು ಬೀಳುವ ಆ ಒಂದು ಜಾಗ ಮಾತ್ರ. ಅದಕ್ಕೆ ಮೊದಲು ಹತ್ತಾರು ಹರದಾರಿ ಹರಿದು ಬಂದ ಹೊಳೆ, ಅನಂತರ ಹರಿದುಹೋಗುವ ಹೊಳೆ, ಇಬ್ಬರ ಲೆಕ್ಕದಲ್ಲಿಯೂ ಇಲ್ಲ. ಒಬ್ಬನು ಅಲ್ಲಿಗೆ ಬೇಗ ಮುಟ್ಟಬಯಸುತ್ತಾನೆ, ಮತ್ತೊಬ್ಬನು ಅಲ್ಲಿಂದ ಬೇಗ ಓಡಿಸಬಯಸುತ್ತಾನೆ. ಬಸ್ಸಿನಿಂದಿಳಿದು ಕಟಾಂಜನದ ಈಚೆಯಿಂದ ನೋಡಬೇಕೆನ್ನುವ ನಮ್ಮ ಠರಾವು ಈ ಇಬ್ಬರ ನಡುವೆ ಮಾಡಿಕೊಂಡ ಒಪ್ಪಂದವಲ್ಲದೆ ಬೇರೇನೂ ಅಲ್ಲ.

ಮೂರನೆಯದೊಂದು ಪಕ್ಷವೂ ಇದೆ. ಸಭೆಯಲ್ಲಿ ಹಿಂದಿನ ಬೆಂಚಿನಿಂದ ಒಬ್ಬರು, ನೀರು ಬೀಳುವುದನ್ನು ನೋಡಲು ಎರಡು ದಿನಗಳೇಕೆ ಎಂದು ನಕ್ಕರು. ಅವರ ಬೆನ್ನಿಗೆ ಬಲು ದೊಡ್ಡ ಹೆಸರೇ ಇದೆ. ಗಾಂಧೀಜಿಯವರು 1927ರಲ್ಲಿ ಕರ್ನಾಟಕದಲ್ಲಿ ಪ್ರವಾಸ ಮಾಡುತ್ತಿದ್ದಾಗ ಕಾಕಾ ಕಾಲೇಲಕರರು ಜೋಗವನ್ನು ನೋಡಿ ಬರೋಣವೆಂದು ಅವರನ್ನು ಪರಿಪರಿಯಾಗಿ ಒತ್ತಾಯಿಸಿದರು. ಅಷ್ಟು ಎತ್ತರದಿಂದ ನೀರು ಬೀಳುತ್ತದೆಂದು ಇವರು ವರ್ಣಿಸಿದರೆ, ಮಳೆಯ ನೀರು ಅದಕ್ಕಿಂತ ಎತ್ತರದಿಂದ ಬೀಳುವುದಿಲ್ಲವೇ ಎಂಬರ್ಥದ ಉತ್ತರ ಬಂತಂತೆ. ಗಾಂಧೀಜಿ ಹೋಗಲೇ ಇಲ್ಲ. ಈ ಕಥೆಯನ್ನು ಹೇಳುವವರು ಅದರ ಇನ್ನೊಂದು ಮಗ್ಗುಲನ್ನು ಬಿಟ್ಟುಬಿಡುತ್ತಾರೆ: ಕಾಲೇಲಕರರು ಹೋದರು. ಬೆಳಗಾವಿ ಕಾರವಾರಗಳಲ್ಲಿ ಬಾಲ್ಯ ಕಳೆದ ಆ ಮನುಷ್ಯನು ನಾಡಿನ ಹೊಳೆಗಳನ್ನೆಲ್ಲ ನೆಂಟರನ್ನು ಕಾಣುವಂತೆ ಕಂಡುಬಂದು, ನದಿಗಳಿಗೆ ‘ಲೋಕಮಾತಾ’ ಎಂಬ ಹೆಸರಿಟ್ಟು ಪುಸ್ತಕವನ್ನೇ ಬರೆದರು. ಗಾಂಧೀಜಿಗೆ ದೇಶದ ಕೆಲಸವಿತ್ತು, ಅವರು ಬಿಟ್ಟರು. ನಮ್ಮಲ್ಲಿ ರವಿವಾರ ಮಧ್ಯಾಹ್ನ ನಿದ್ದೆ ಮಾಡುವವರು ಅವರ ಹೆಸರನ್ನು ಹೇಳಕೂಡದು.

ಇನ್ನು ನಮ್ಮ ನಡಿಗೆಯ ವಿಷಯ. ಅದರಲ್ಲಿ ಏನಿದೆಯೆಂಬುದನ್ನು ಬಾರದವರಿಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಖಂಡೇರಾಜುರಿಯಿಂದ ನಾನು ಮಿರಜಕ್ಕೆ ಬರುವಷ್ಟರಲ್ಲಿ ಉಳಿದವರು ಸ್ಟೇಶನ್ನಿನಲ್ಲಿ ಕೂಡಿರುತ್ತಾರೆ. ಒಬ್ಬರು ಅಂಚೆಯವರು, ಒಬ್ಬರು ಔಷಧದಂಗಡಿಯವರು, ಒಬ್ಬರು ತಂಬೂರಿ ಮಾಡುವ ಮನೆತನದವರು, ಇಬ್ಬರು ನನ್ನಂತೆಯೇ ಸೀಮೆಸುಣ್ಣದ ಧೂಳು ತಿನ್ನುವವರು. ಹೆಗಲಿಗೆ ಬುತ್ತಿಯ ಗಂಟು: ಕಟಕ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಗಾಡಿ ಮಿರಜ ಬಿಟ್ಟು ಉಗಾರ, ಕುಡಚಿ, ರಾಯಬಾಗಗಳನ್ನು ದಾಟಿ ಘಟಪ್ರಭೆಗೆ ಬರುವಾಗ ಕಿಟಕಿಯ ಹೊರಗೆ ನಡೆಯುವ ಬದಲಾವಣೆಯನ್ನು ನಾನು ಪ್ರತಿ ಸಲವೂ ಹೊಸದಾಗಿ ನೋಡುತ್ತೇನೆ. ಕೃಷ್ಣೆಯನ್ನು ದಾಟುವವರೆಗೆ ನಮ್ಮ ಕಡೆಯ ಕರಿಯ ಎರೆ, ಕರಿಯ ಕಲ್ಲು. ದಕ್ಷಿಣಕ್ಕೆ ಸರಿದಂತೆ ನೆಲ ಕೆಂಪಾಗುತ್ತದೆ, ಗುಡ್ಡಗಳ ತಲೆ ಚಪ್ಪಟೆಯಾಗಿ ಅಂಚು ಕಡಿದಂತಾಗುತ್ತದೆ. ನಮ್ಮ ದಂಡೋಬಾ ಗುಡ್ಡದ ಕರಿಗಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಹೊಟ್ಟೆಯಿಂದ ಉಕ್ಕಿ ಹರಡಿದ ಲಾವಾದ ಕಲ್ಲು. ಗೋಕಾಕದ ಕಡೆಯ ಕಲ್ಲಾದರೋ ನೂರು ಕೋಟಿ ವರ್ಷಗಳಿಗೂ ಹಿಂದೆ ನೀರಿನಡಿಯಲ್ಲಿ ಉಸುಕು ನೆಲೆಸಿ ಗಟ್ಟಿಯಾದದ್ದು. ಕಲಾದಗಿಯ ಕಲ್ಲೆಂದು ಭೂಗರ್ಭಶಾಸ್ತ್ರಜ್ಞರು ಇದನ್ನು ಕರೆಯುತ್ತಾರೆ. ಈ ಗಟ್ಟಿಗಲ್ಲಿನ ಮೆಟ್ಟಿಲು ಅಡ್ಡ ಬಂದಲ್ಲಿ ಹೊಳೆ ಅದನ್ನು ಸವೆಸಲಾರದೆ ಧುಮುಕುತ್ತದೆ. ಘಟಪ್ರಭೆ ಗೋಕಾಕದಲ್ಲಿ 170 ಅಡಿ ಧುಮುಕುವುದೂ, ಮಾರ್ಕಂಡೇಯವು ಗೊಡಚಿನಮಲ್ಕಿಯಲ್ಲಿ ಮೊದಲು ಸುಮಾರು 25 ಮೀಟರು, ತುಸು ಮುಂದೆ ಹೋಗಿ ಮತ್ತೆ ಸುಮಾರು 20 ಮೀಟರು ಇಳಿಯುವುದೂ ಈ ಕಲ್ಲಿನ ಪ್ರತಾಪದಿಂದಲೇ. ನಾಲ್ಕನೆಯ ಇಯತ್ತೆಯ ಭೂಗೋಲವನ್ನು ಹನ್ನೆರಡು ವರ್ಷ ಕಲಿಸಿದ ನನಗೆ ಈ ಸಂಗತಿಯು ಪುಸ್ತಕದಿಂದ ತಿಳಿದಿತ್ತು, ಆದರೆ ಅರ್ಥವಾದದ್ದು ಪಾಚ್ಛಾಪುರದಲ್ಲಿ ಇಳಿದು ನಡೆಯಹತ್ತಿದಮೇಲೆ.

ರವಿವಾರ ಬೆಳಗಿನಿಂದ ಹೊಳೆಯ ಸಂಗಡ ನಡೆಯಬೇಕು. ಮೊದಲು ಅದು ನಮ್ಮ ಊರ ಹಳ್ಳಗಳಂತೆ ಸಾಧುವಾಗಿ ಕಾಣುತ್ತದೆ. ಎಮ್ಮೆಗಳು ಮಲಗಿರುತ್ತವೆ, ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಿರುತ್ತಾರೆ. ಆಮೇಲೆ ದಂಡೆಗಳು ಎತ್ತರವಾಗುತ್ತವೆ, ತಳದ ಮಣ್ಣು ಹೋಗಿ ಹಾಸುಬಂಡೆ ಬರುತ್ತದೆ, ನೀರಿನ ದನಿ ಬದಲಾಗುತ್ತದೆ. ತಂಬೂರಿಯ ಗೆಳೆಯರು ಈ ಜಾಗಕ್ಕೆ ಬಂದೊಡನೆ ಮಾತು ನಿಲ್ಲಿಸಿ, ಖರ್ಜದ ತಂತಿ ಮೀಟಿದ ಹಾಗಾಯಿತು ಎನ್ನುತ್ತಾರೆ. ಧಬಧಬೆ ಇನ್ನೂ ಕಣ್ಣಿಗೆ ಬಿದ್ದಿರುವುದಿಲ್ಲ. ಕಾಲಡಿಯ ಬಂಡೆಯಲ್ಲಿ ಒರಳಿನಂಥ ಗುಂಡಿಗಳಿರುತ್ತವೆ. ನೀರಿನ ಸುಳಿಯಲ್ಲಿ ಸಿಕ್ಕ ಗುಂಡುಕಲ್ಲು ಸಹಸ್ರಾರು ವರ್ಷ ತಿರುಗಿ ತಿರುಗಿ ಕೊರೆದವು ಅವು. ನೀರು ಮೇಲೆ ಹರಿಯುತ್ತಿರುವಾಗ ಇವು ಕಾಣುವುದಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದೇನೆಂದು ತಿಳಿದವನು ಮುಂದಿನ ಹೆಜ್ಜೆಗೆ ಆಳುದ್ದದ ಗುಂಡಿಗೆ ಇಳಿಯಬಹುದು. ಬೇಸಗೆಯಲ್ಲಿ ಒಣಗಿದ ಬಂಡೆಯ ಮೇಲೆ ಆ ಗುಂಡಿಗಳನ್ನು ಒಮ್ಮೆ ಕಂಡವನು ಮಳೆಗಾಲದಲ್ಲಿ ಅಲ್ಲಿ ಕಾಲಿಡಲಾರನು. ಕಟಾಂಜನದ ಈಚೆ ನಿಂತವನಿಗೆ ಇದನ್ನು ಯಾರು ತೋರಿಸುವರು?

ಒಂದು ವರ್ಷ ಎರಡೂ ಧಬಧಬೆಗಳ ನಡುವೆ ಹೊಳೆಯನ್ನು ಹಾಯ್ದು ಆಚೆಯ ದಂಡೆಯಿಂದ ಯೋಗಿಕೊಳ್ಳದ ಕಡೆಗೆ ಸಾಗಬೇಕೆಂದಿದ್ದೆವು. ಆಕಾಶ ನಿರ್ಮಲವಾಗಿತ್ತು. ಕುರಿ ಕಾಯುತ್ತಿದ್ದ ವೃದ್ಧರೊಬ್ಬರು ದೂರದಿಂದಲೇ ಕೈಯೆತ್ತಿ ನಿಲ್ಲಿಸಿದರು.

“ಮಾಸ್ತರ್ರ, ಈಗ ಹಾಯಬ್ಯಾಡ್ರಿ. ನೀರಿನ ಬಣ್ಣಾ ನೋಡ್ರಿ.”

“ಯಾಕ್ರಿ ಕಾಕಾ, ಮಳಿ ಎಲ್ಲೈತಿ?”

“ಇಲ್ಲಿಲ್ರಿ, ಮ್ಯಾಲ ಆಗೇತಿ. ಕಸಾ ಕಡ್ಡಿ ಬರಾಕತ್ತಾವ ನೋಡ್ರಿ. ಒಂದ ತಾಸ ಕುಂದರ್ರಿ, ತಿಳೀತೈತಿ.”

ಕುಳಿತೆವು. ಒಂದು ತಾಸು ಕೂಡ ಬೇಕಾಗಲಿಲ್ಲ. ನಾವು ಕಾಲಿಡಬೇಕೆಂದಿದ್ದ ಬಂಡೆಗಳು ಕೆಂಪು ನೀರಿನಲ್ಲಿ ಮುಳುಗಿದವು. ಮೇಲೆ ಶಿರೂರಿನ ಹತ್ತಿರ ಆಣೆಕಟ್ಟು ಇರುವುದರಿಂದ ಮಳೆಯಿಲ್ಲದ ದಿನವೂ ಹೀಗೆ ನೀರು ಏರುವುದುಂಟೆಂದು ಆ ಮುದುಕರು ರೊಟ್ಟಿ ತಿನ್ನುತ್ತ ನಮಗೆ ವಿವರಿಸಿದರು. ಅವರಿಗೆ ಓದು ಬರುತ್ತಿರಲಿಲ್ಲ. ನೀರಿನ ಬಣ್ಣ, ನೀರಿನ ಮೇಲೆ ಬರುವ ಕಸ, ದನಿಯ ಏರಿಳಿತ, ಬಂಡೆಯ ಮೇಲಿನ ಹಸಿಗೆರೆ, ಇವು ಅವರ ವರ್ಣಮಾಲೆ. ಭೂಶಿಯ ದಂಡೆಯಲ್ಲಿ ಇಂಥ ಒಬ್ಬ ಮುದುಕನನ್ನು ಸಂಬಳ ಕೊಟ್ಟು ಕೂಡಿಸಿದ್ದರೆ ಎಂಬ ವಿಚಾರ ನನ್ನನ್ನು ಬಿಟ್ಟಿಲ್ಲ. ಹಲಗೆಗೆ ಖರ್ಚು ಮಾಡುವ ಸರಕಾರಕ್ಕೆ ಮನುಷ್ಯನಿಗೆ ಖರ್ಚು ಮಾಡುವುದು ಏಕೆ ಭಾರವಾಗುತ್ತದೋ!

ಇಲ್ಲಿ ನನ್ನ ವೃತ್ತಿಯ ಅಭಿಮಾನದಿಂದ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಹರಿಯುವ ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಧಬಧಬೆಯ ಬುಡದಲ್ಲಿ ನೊರೆಯೆದ್ದ ನೀರಿನೊಳಗೆ ಗಾಳಿ ಬೆರೆತಿರುವುದರಿಂದ ಅದು ತಿಳಿನೀರಿನಷ್ಟು ದೇಹವನ್ನು ಎತ್ತಿಹಿಡಿಯುವುದಿಲ್ಲ. ಅಲ್ಲದೆ ಮೇಲ್ಗಡೆಯ ನೀರು ಹೊರಗೆ ಹೋಗದೆ ಬೀಳುವ ಧಾರೆಯ ಕಡೆಗೇ ತಿರುಗಿ ಎಳೆಯುತ್ತದೆ. ಆದುದರಿಂದ ಈಜು ಬಲ್ಲವನೂ ಅಲ್ಲಿ ಸೋಲುತ್ತಾನೆ. ಇಷ್ಟನ್ನು ಹೇಳಲು ಒಂದು ಬಾಲ್ದಿ, ಒಂದು ಬೆಂಡು, ಅರ್ಧ ತಾಸು ಸಾಕು. ಯಾವ ಪಠ್ಯಪುಸ್ತಕದಲ್ಲಿಯೂ ನಾನು ಇದನ್ನು ಕಂಡಿಲ್ಲ. ‘ನದಿಗಳು ನಮ್ಮ ಜೀವನಾಡಿಗಳು’ ಎಂಬ ವಾಕ್ಯವನ್ನು ಮಾತ್ರ ಎಲ್ಲ ಪುಸ್ತಕಗಳಲ್ಲಿಯೂ ಕಂಡಿದ್ದೇನೆ.

ನಮ್ಮ ಹಿಂದಿನ ತಲೆಮಾರಿನವರಿಗೆ ಪುಸ್ತಕ ಬೇಕಾಗಿರಲಿಲ್ಲ. ಊರ ಹೊರಗಿನ ತೋಟದ ಬಾವಿಗಳಲ್ಲಿ ಹುಡುಗರ ಬೆನ್ನಿಗೆ ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟಿ ಇಳಿಸುತ್ತಿದ್ದರು. ಏಳೆಂಟು ದಿನಗಳಲ್ಲಿ ಹುಡುಗನು ಮೀನಾಗುತ್ತಿದ್ದನು. ಮಿರಜದ ತಂಬೂರಿಗಳಿಗೆ ದನಿ ಕೊಡುವ ಸೋರೆಯೇ ಅಂದು ಮಕ್ಕಳಿಗೆ ಜೀವ ಕೊಡುತ್ತಿತ್ತೆಂದು ನಮ್ಮ ಗೆಳೆಯರು ಹೆಮ್ಮೆಯಿಂದ ಹೇಳುತ್ತಾರೆ. ಈಗ ಕೊಳವೆಬಾವಿಗಳು ಬಂದವು, ತೆರೆದ ಬಾವಿಗಳು ಬತ್ತಿದವು, ಹಲವನ್ನು ಕಸದಿಂದ ತುಂಬಿದರು. ಕೊಳವೆಯಲ್ಲಿ ಯಾರು ಈಜುವರು? ಹೀಗೆ ಈಜು ತಿಳಿಯದ ಮೊದಲನೆಯ ತಲೆಮಾರನ್ನು ನಾವು ಬೆಳೆಸಿದ್ದೇವೆ. ಅದರ ಕೈಗೆ ಮೊಬೈಲು, ಕಾಲಿಗೆ ಮೋಟಾರಸೈಕಲ್ಲು ಕೊಟ್ಟು, ಧಬಧಬೆಗೆ ಹೋಗಬೇಡ ಎನ್ನುತ್ತಿದ್ದೇವೆ.

ಮುಳುಗಿ ಸಾಯುವುದೇನು ಅಪರೂಪದ ಸಂಗತಿಯಲ್ಲ. 2022ನೆಯ ಒಂದೇ ವರ್ಷದಲ್ಲಿ ಭಾರತದಲ್ಲಿ 38 ಸಾವಿರಕ್ಕೂ ಹೆಚ್ಚು ಜನ ಮುಳುಗಿ ಸತ್ತರೆಂದು ಸರಕಾರದ ಅಪರಾಧ ದಾಖಲೆಯ ಕಚೇರಿಯ ಲೆಕ್ಕವಿದೆ. ಇವರಲ್ಲಿ ಧಬಧಬೆಗೆ ಹೋದವರು ಎಷ್ಟು ಮಂದಿ ಇದ್ದಾರು? ಹೆಚ್ಚಿನವರು ಕೆರೆ, ಬಾವಿ, ಕಾಲುವೆ, ಹೊಳೆಗಳಲ್ಲಿ, ಮನೆಯ ಹತ್ತಿರವೇ ಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು ಇದಕ್ಕೆ ಹೇಳಿದ ಪರಿಹಾರಗಳಲ್ಲಿ ಶಾಲೆಯ ಮಕ್ಕಳಿಗೆ ಈಜನ್ನೂ ನೀರಿನ ಎಚ್ಚರವನ್ನೂ ಕಲಿಸುವುದು ಒಂದು. ನಮಗಿಂತ ಬಡ ದೇಶವಾದ ಬಾಂಗ್ಲಾದೇಶದಲ್ಲಿ ಹಳ್ಳಿಯ ಕೆರೆಗಳೊಳಗೆ ಬಿದಿರಿನ ಅಟ್ಟ ಕಟ್ಟಿ, ಅದರ ಮೇಲೆ ಮಕ್ಕಳನ್ನು ನಿಲ್ಲಿಸಿ, ಊರಿನ ತರುಣ ತರುಣಿಯರೇ ಈಜು ಕಲಿಸುತ್ತಾರೆ. ಬಿದಿರಿಗೆ ನಮ್ಮಲ್ಲಿ ಕೊರತೆಯಿಲ್ಲ.

ಇದನ್ನು ಓದಿ, ಖಂಡೇರಾಜುರಿಯಂಥ ಒಣನೆಲದ ಊರಿನ ಮಾಸ್ತರನಿಗೆ ನೀರಿನ ಉಸಾಬರಿಯೇಕೆ ಎಂದು ಕೆಲವರು ಕೇಳಬಹುದು. ಉತ್ತರ ಆ ಒಣನೆಲದಲ್ಲಿಯೇ ಇದೆ. ಧಬಧಬೆಯ ಚಿತ್ರ ತೋರಿಸಿ, ಇಷ್ಟು ನೀರು ಎಲ್ಲಿಂದ ಬಂತೆಂದು ಒಮ್ಮೆ ತರಗತಿಯಲ್ಲಿ ಕೇಳಿದೆ. “ಟ್ಯಾಂಕರದಾಗಿಂದ್ರಿ ಗುರುಗಳ” ಎಂದು ಒಂದು ಹುಡುಗಿ ಥಟ್ಟನೆ ಉತ್ತರ ಕೊಟ್ಟಳು. ಯಾರೂ ನಗಲಿಲ್ಲ, ಅದು ಎಲ್ಲರಿಗೂ ಸರಿಯೆಂದೇ ಕಂಡಿತ್ತು. ಮಿರಜ ತಾಲೂಕಿನ ಮೂಡಣ ಭಾಗದ ಮಕ್ಕಳಿಗೆ ಬರಗಾಲದ ವರ್ಷಗಳಲ್ಲಿ ನೀರು ಚಕ್ರದ ಮೇಲೆ ಬರುವ ವಸ್ತು. 2016ರ ಏಪ್ರಿಲದಲ್ಲಿ ಮಿರಜ ಸ್ಟೇಶನ್ನಿನಿಂದ ಕೃಷ್ಣೆಯ ನೀರು ರೇಲ್ವೆಯ ಡಬ್ಬಿಗಳಲ್ಲಿ ಲಾತೂರಕ್ಕೆ ಹೋಯಿತು. ಮೊದಲನೆಯ ಗಾಡಿಯಲ್ಲಿ ಐದು ಲಕ್ಷ ಲೀಟರು. ಮೂರೇ ವರ್ಷಗಳ ತರುವಾಯ, 2019ರ ಆಗಸ್ಟದಲ್ಲಿ, ಅದೇ ಕೃಷ್ಣೆ ಸಾಂಗಲಿಯ ಆಯರ್ವಿನ್ ಸೇತುವೆಯ ಹತ್ತಿರ 57 ಅಡಿ ದಾಟಿತು. ಅಲ್ಲಿ 45 ಅಡಿಯೇ ಅಪಾಯದ ಮಟ್ಟ. ಆಗಸ್ಟ 8ರಂದು ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ನೆರೆಯಿಂದ ಪಾರಾಗಿ ಹೊರಟವರ ದೋಣಿಯೇ ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರೇನು ಮೋಜಿಗೆ ಹೋದವರೇ? ಹೊಳೆ ತಾನಾಗಿಯೇ ಅವರ ಮನೆಗೆ ಬಂದಿತ್ತು. ನೀರಿಲ್ಲದೆ ಸಾಯುವ, ನೀರಿನಿಂದ ಸಾಯುವ ಎರಡೂ ಭಾಗ್ಯಗಳು ಒಂದೇ ಜಿಲ್ಲೆಗೆ ಬಂದಿರುವಾಗ, ಇಲ್ಲಿಯ ಮಕ್ಕಳನ್ನು ಹೊಳೆಯಿಂದ ದೂರವಿಟ್ಟರೆ ಅವರು ಸುರಕ್ಷಿತರೆಂದು ಯಾರು ಹೇಳಬಲ್ಲರು?

ನಮ್ಮ ಭಾಗದಲ್ಲಿಯೂ ಅಗ್ರಣಿಯೆಂಬ ಹೊಳೆಯೊಂದಿದೆ. ಖಾನಾಪುರ ತಾಲೂಕಿನಲ್ಲಿ (ಇದು ಸಾಂಗಲಿ ಜಿಲ್ಲೆಯ ಖಾನಾಪುರ, ಹೆಸರಿನ ಗೊಂದಲಕ್ಕೆ ನಾನು ಹೊಣೆಯಲ್ಲ) ಹುಟ್ಟಿ, ಕವಠೆಮಹಾಂಕಾಳದ ಕಡೆಯಿಂದ ಹರಿದು, ಅಥಣಿ ತಾಲೂಕಿಗೆ ಇಳಿದು ಕೃಷ್ಣೆಯನ್ನು ಸೇರುತ್ತದೆ. ಬಹು ವರ್ಷ ಅದು ಉಸುಕಿನ ಗೆರೆಯಾಗಿ ಬಿದ್ದಿತ್ತು. ಈ ಶತಮಾನದ ಎರಡನೆಯ ದಶಕದಲ್ಲಿ ದಂಡೆಯ ಹಳ್ಳಿಗರೂ ಸರಕಾರವೂ ಕೂಡಿ ಹೂಳು ತೆಗೆದು ಒಡ್ಡು ಕಟ್ಟಿ ಅದಕ್ಕೆ ಮರಳಿ ನೀರು ಕಾಣಿಸಿದರು. ಧಬಧಬೆಯಿಲ್ಲದ ಹೊಳೆಯಾದುದರಿಂದ ಅದನ್ನು ನೋಡಲು ಯಾರೂ ಬಸ್ಸು ಗೊತ್ತುಮಾಡುವುದಿಲ್ಲ. ಮಾರ್ಕಂಡೇಯದ ದಂಡೆಯಲ್ಲಿ ಎರಡು ಸಲ ನಡೆದು ಬಂದಮೇಲೆ ನಮ್ಮ ತಂಡದ ಇಬ್ಬರು ಮಾಸ್ತರರು ತಮ್ಮ ಮಕ್ಕಳನ್ನು ಅಗ್ರಣಿಯ ದಂಡೆಗೆ ಕರೆದೊಯ್ದರು. ನಡಿಗೆಯ ಫಲವೇನೆಂದು ಕೇಳುವವರಿಗೆ ಇದನ್ನು ತೋರಿಸುತ್ತೇನೆ. ಬಸ್ಸಿನ ಪ್ರವಾಸದಿಂದ ಗೋಕಾಕದ ಕರದಂಟು ಮಾತ್ರ ಮನೆಗೆ ಬರುತ್ತದೆ. ಕರದಂಟಿನ ಮೇಲೆ ನನಗೆ ದ್ವೇಷವಿಲ್ಲ, ನಡೆದುಹೋದವರೂ ತರುತ್ತಾರೆ.

ಗೋಕಾಕದ ಧಬಧಬೆಯನ್ನಾದರೂ ಬರಿಯ ಕಣ್ಣಿಗೆ ಹಬ್ಬವೆಂದು ನೋಡಿ ಬರಬಹುದೇ? 1897ರಲ್ಲಿ ಕಟ್ಟಿ ಮುಗಿಸಿದ ಧೂಪದಾಳದ ಒಡ್ಡು ಅದರ ನೀರನ್ನು ಮೊದಲೇ ಕಾಲುವೆಗೆ ತಿರುಗಿಸುತ್ತದೆ. ಅದಕ್ಕೂ ಮೇಲೆ ಹಿಡಕಲ್ಲಿನ 51 ಟಿ.ಎಂ.ಸಿ. ಜಲಾಶಯ, ಧಬಧಬೆಯ ನೆತ್ತಿಯಲ್ಲಿ ಆ ನೀರಿನ ಬಲದಿಂದಲೇ ಬೆಳೆದ ನೂಲಿನ ಗಿರಣಿ. ಬೇಸಗೆಯಲ್ಲಿ ಅಲ್ಲಿ ಕಾಣುವುದು ಬರಿಯ ಬಂಡೆ. ಆ ನೀರು ಯಾರ ಹೊಲಕ್ಕೆ ಹೋಯಿತು, ಯಾರ ಕಬ್ಬಿಗೆ ಹೋಯಿತು ಎಂಬುದನ್ನು ತಿಳಿಯಬೇಕಾದರೆ ಮತ್ತೆ ಹೊಳೆಗುಂಟವೇ ನಡೆಯಬೇಕು. ಬೆಟಗೇರಿ ಕೃಷ್ಣಶರ್ಮರೂ ಬಸವರಾಜ ಕಟ್ಟೀಮನಿಯವರೂ ಇದೇ ಗೋಕಾಕದ ಸೀಮೆಯವರು. ಆ ನೆಲದ ಮಾತು ಅವರ ಬರಹಕ್ಕೆ ಬಂದದ್ದು ನೆಲದ ಮೇಲೆ ನಡೆದುದರಿಂದ.

ಮಾತೆಂದಾಗ ಕನ್ನಡ ಸಂಘದವರಾದ ನಮಗೆ ಒಂದು ಹೆಚ್ಚಿನ ಕಾರಣವೂ ಇದೆ. ಮಡು, ಸುಳಿ, ಸೆಲೆ, ಒರತೆ, ಕೊಳ್ಳ, ಕೊರಕಲು, ಕಡವು, ಹಿನ್ನೀರು: ಈ ಶಬ್ದಗಳನ್ನು ನಮ್ಮ ಮಕ್ಕಳು ನಿಘಂಟಿನಲ್ಲಿಯೂ ಹುಡುಕುವುದಿಲ್ಲ. ‘ಅಲ್ಲಿ ಮಡು ಐತಿ’ ಎಂದು ಕುರುಬ ಕಾಕಾ ಕೂಗಿದರೆ ‘ಮಡು’ ಎಂದರೇನೆಂದು ಕೇಳುವ ಹುಡುಗನು ಅಷ್ಟರಲ್ಲಿ ಹೆಜ್ಜೆಯಿಟ್ಟಿರುತ್ತಾನೆ. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಕನ್ನಡವನ್ನು ಉಳಿಸುವ ಭಾಷಣ ಮಾಡುವವರು ನನ್ನನ್ನು ಕ್ಷಮಿಸಬೇಕು. ಗಡಿಯ ಈಚೆಯ ನಮ್ಮಂಥವರಿಗೆ ಶಬ್ದ ಉಳಿಯುವುದು ಆ ಶಬ್ದದ ವಸ್ತುವಿನ ಹತ್ತಿರ ಹೋಗಿ ನಿಂತಾಗ.

ಕೊನೆಗೆ ಹೊಣೆಯ ಪ್ರಶ್ನೆ. ಏನಾದರೂ ಆದರೆ ಯಾರು ಉತ್ತರ ಕೊಡಬೇಕು? ನಾವು ಕೊಡಬೇಕು, ಅದಕ್ಕಾಗಿಯೇ ನಮ್ಮ ನಡಿಗೆಗೆ ಕಟ್ಟಳೆಗಳಿವೆ. ಹೊಳೆ ತುಂಬಿದ ಆಷಾಢ ಶ್ರಾವಣಗಳಲ್ಲಿ ನಾವು ಹೋಗುವುದಿಲ್ಲ. ದಸರೆ ಕಳೆದಮೇಲೆ ಹೊರಡುತ್ತೇವೆ. ಅರಣ್ಯದವರು ತಡೆದ ದಾರಿಯನ್ನು ಕಳ್ಳರಂತೆ ಹಾಯುವುದಿಲ್ಲ. ಆ ಊರಿನವನೊಬ್ಬನು ಮುಂದೆ ನಡೆಯದೆ ಕೊಳ್ಳಕ್ಕೆ ಇಳಿಯುವುದಿಲ್ಲ, ಅವನಿಗೆ ಒಂದು ದಿನದ ಕೂಲಿಯನ್ನು ಎಲ್ಲರೂ ಕೂಡಿ ಕೊಡುತ್ತೇವೆ. ಧಬಧಬೆಯ ನೆತ್ತಿಯ ಅಂಚಿನಲ್ಲಿಯೂ ಬುಡದ ಮಡುವಿನಲ್ಲಿಯೂ ಯಾರೂ ಕಾಲಿಡಕೂಡದು, ಎಷ್ಟೇ ಈಜು ಬರಲಿ. ಕುಡಿದವನಿಗೆ ಮಿರಜ ಸ್ಟೇಶನ್ನಿನಿಂದಲೇ ಬೀಳ್ಕೊಡುಗೆ. ಸಂಘಕ್ಕೆ ಇಷ್ಟು ಸಾಲದಿದ್ದರೆ ಇನ್ನೂ ನಾಲ್ಕು ಕಟ್ಟಳೆ ಕೂಡಿಸಲಿ, ಒಪ್ಪುತ್ತೇವೆ. ನಡೆಯಲೇಕೂಡದು ಎಂಬುದನ್ನು ಒಪ್ಪುವುದಿಲ್ಲ.

ಠರಾವಿಗೆ ಬದಲಾಗಿ ನಾನು ಒಂದು ತಿದ್ದುಪಡಿಯನ್ನು ಸೂಚಿಸುತ್ತೇನೆ. ಬಸ್ಸಿಗೆಂದು ತೆಗೆದಿರಿಸಬೇಕೆಂದ ಹಣವನ್ನು ಬಸ್ಸಿಗೆ ಕೊಡದೆ, ನಮ್ಮ ಭಾಗದ ಊರುಗಳಲ್ಲಿ ಇನ್ನೂ ನೀರು ಉಳಿದಿರುವ ಒಂದು ಬಾವಿಯನ್ನು ಮಾಲಕರ ಒಪ್ಪಿಗೆಯಿಂದ ಶುಚಿಗೊಳಿಸಿ, ಮೆಟ್ಟಿಲಿಗೆ ಹಗ್ಗ ಕಟ್ಟಿ, ಬೇಸಗೆಯ ರಜೆಯಲ್ಲಿ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಹೊತ್ತಿನಲ್ಲಿ ಈಜು ಕಲಿಸಲು ಉಪಯೋಗಿಸಬೇಕು. ಕಲಿಸಲು ಬಲ್ಲ ಹಿರಿಯರು ಇನ್ನೂ ಇದ್ದಾರೆ, ಹತ್ತು ವರ್ಷಗಳಾದಮೇಲೆ ಇರಲಾರರು. ಸೋರೆಬುರುಡೆಗಳನ್ನು ತಂಬೂರಿಯ ಗೆಳೆಯರು ಕೊಡಲೊಪ್ಪಿದ್ದಾರೆ; ದನಿಗೆ ಬಾರದೆ ಬದಿಗಿಟ್ಟ ಬುರುಡೆಗಳು ನೀರಿಗೆ ಬರುತ್ತವೆಯೆಂದು ಅವರ ಅಭಿಪ್ರಾಯ.

ಮುಂದಿನ ಸಭೆಯಲ್ಲಿ ಈ ತಿದ್ದುಪಡಿಗೆ ಅನುಮೋದನೆ ಕೊಡಬಯಸುವವರು ಮೊದಲೇ ಕಾರ್ಯದರ್ಶಿಗಳಿಗೆ ಹೆಸರು ತಿಳಿಸಬೇಕಾಗಿ ವಿನಂತಿ. ಸಭೆಯ ನಿರ್ಣಯ ಏನೇ ಆಗಲಿ, ದಸರೆಯ ತರುವಾಯದ ಎರಡನೆಯ ಶನಿವಾರ ನಾವು ಆರು ಜನ, ಸಂಘದ ಹೆಸರು ಹೇಳದೆಯಾದರೂ, ಮಿರಜ ಸ್ಟೇಶನ್ನಿನಲ್ಲಿ ಕೂಡುತ್ತೇವೆ. ಜೊತೆಗೆ ಬರುವವರು ಗಟ್ಟಿ ಅಟ್ಟೆಯ ಪಾದರಕ್ಷೆಗಳನ್ನು ಹಾಕಿಕೊಂಡು ಬರಬೇಕು. ಬುತ್ತಿ ಅವರವರದೇ.